ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಉಕ್ಕು ಗಡಸು, ತಾಮ್ರ ಮೆದು: ಏಕೆ?

ಪ್ರಶ್ನೆ: ತಾಮ್ರದ ತಗಡು ಬಡಿದು ಬಟ್ಟಲು ಮಾಡುವುದನ್ನು ಆರು ತಿಂಗಳಿಂದ ಕಲಿಯುತ್ತಿದ್ದೇನೆ. 1 ಮಿ.ಮೀ. ದಪ್ಪದ ತಗಡಿನಲ್ಲಿ 22 ಸೆಂ.ಮೀ. ಅಗಲದ ಬಿಲ್ಲೆ ಕತ್ತರಿಸಿ, 16 ಸೆಂ.ಮೀ. ಬಾಯಿಯ ಬಟ್ಟಲು ಮಾಡಲು ನೋಡುತ್ತೇನೆ. ಮೊದಮೊದಲು ಹೇಳಿದಂತೆ ಕೇಳುವ ತಗಡು ಅರ್ಧ ಆಳಕ್ಕೆ ಬರುವಷ್ಟರಲ್ಲಿ ಮೊಂಡು ಹಿಡಿಯುತ್ತದೆ. ಮಾಡಿದ ಮೂರರಲ್ಲಿ ಎರಡು ಅಂಚಿನಲ್ಲಿ ಸೀಳಿದವು. ಕಲಿಸುವ ಹಿರಿಯರು ‘ಕೆಂಪಗೆ ಕಾಯಿಸಿ ನೀರಿಗೆ ಅದ್ದು, ಮೆದುವಾಗುತ್ತದೆ’ ಎನ್ನುತ್ತಾರೆ. ಆದರೆ ನಮ್ಮೂರ ಕಮ್ಮಾರರು ಕುಡುಗೋಲನ್ನು ಗಡಸು ಮಾಡುವುದೂ ಹಾಗೆಯೇ ಅಲ್ಲವೇ? ಪಿಯುಸಿಯಲ್ಲಿ ಲೋಹಬಂಧವೆಂದರೆ ‘ಎಲೆಕ್ಟ್ರಾನ್ ಕಡಲು’ ಎಂದು ಓದಿದ ನೆನಪಿದೆ. ಬಡಿದಾಗ ಆ ಬಂಧ ಬಿಗಿಯಾಗಿ, ಕಾಯಿಸಿದಾಗ ಸಡಿಲವಾಗುತ್ತದೆಯೇ? ಪದೇಪದೇ ಕಾಯಿಸಿದರೆ ತಾಮ್ರದ ಸತ್ವ ಹೋಗುತ್ತದೆ ಎಂದು ಇನ್ನೊಬ್ಬರು ಹೆದರಿಸಿದ್ದಾರೆ. ಇದೇ ಕ್ರಮ ಹಿತ್ತಾಳೆಗೂ ನಡೆಯುತ್ತದೆಯೇ? ಅಜ್ಜಿಯ ಕಾಲದ ಹಿತ್ತಾಳೆ ಚೊಂಬೊಂದು ಅಟ್ಟದ ಮೇಲೆ, ಯಾರೂ ಮುಟ್ಟದೆ, ತಾನಾಗಿಯೇ ಸೀಳಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ನಿಮ್ಮ ಹಿರಿಯರೂ ಸರಿ, ಕಮ್ಮಾರರೂ ಸರಿ. ಇಬ್ಬರ ಕೆಲಸ ನೋಡಲು ಒಂದೇ ಥರ ಇದೆ, ಒಳಗೆ ನಡೆಯುವುದು ಬೇರೆ ಬೇರೆ. ತಾಮ್ರವನ್ನು ಮೆದು ಮಾಡುವುದು ಬೆಂಕಿ, ಅಲ್ಲಿ ನೀರಿಗೆ ಕೆಲಸವೇ ಇಲ್ಲ. ಕುಡುಗೋಲನ್ನು ಗಡಸು ಮಾಡುವುದು ನೀರು, ಬೆಂಕಿ ಅದಕ್ಕೆ ತಯಾರಿ ಮಾತ್ರ. ನಿಮ್ಮ ಬಟ್ಟಲು ಸೀಳಿದ್ದು ಕಾಯಿಸಬೇಕಾದ ಹೊತ್ತಿಗೆ ಕಾಯಿಸದೆ ಹೋದದ್ದರಿಂದ. ತಾಮ್ರ ಕಳಪೆಯಾಗಿದ್ದಿರಬಹುದು ಎಂಬ ಅನುಮಾನವನ್ನು ಸದ್ಯಕ್ಕೆ ಬದಿಗಿಡಿ.

ಮೊದಲು ಬಂಧದ ವಿಷಯ, ಏಕೆಂದರೆ ತಪ್ಪು ತಿಳಿವಳಿಕೆ ಹುಟ್ಟುವುದೇ ಅಲ್ಲಿ. ತಾಮ್ರದ ಪ್ರತಿಯೊಂದು ಪರಮಾಣುವೂ ತನ್ನ ಹೊರಗಿನ ಒಂದು ಎಲೆಕ್ಟ್ರಾನನ್ನು ಊರೊಟ್ಟಿನ ಆಸ್ತಿಯ ಹಾಗೆ ಬಿಟ್ಟುಕೊಟ್ಟಿರುತ್ತದೆ. ಒಂದು ಘನ ಸೆಂ.ಮೀ. ತಾಮ್ರದಲ್ಲಿ ಇಂಥ ಮುಕ್ತ ಎಲೆಕ್ಟ್ರಾನುಗಳು 85ರ ಮುಂದೆ 21 ಸೊನ್ನೆ ಇಟ್ಟಷ್ಟಿವೆ. ಅವು ಯಾವ ಪರಮಾಣುವಿನದೂ ಅಲ್ಲ, ಎಲ್ಲವನ್ನೂ ಒಟ್ಟಿಗೆ ಹಿಡಿದಿಡುತ್ತವೆ. ಈ ಹಿಡಿತಕ್ಕೆ ದಿಕ್ಕಿಲ್ಲ. ಒಂದು ಪರಮಾಣು ಇಂಥದೇ ನೆರೆಯವನ ಕೈ ಹಿಡಿಯಬೇಕೆಂಬ ಕಟ್ಟಳೆಯೂ ಇಲ್ಲ. ತಾಮ್ರದಲ್ಲಿ ಪ್ರತಿಯೊಂದಕ್ಕೂ ಹನ್ನೆರಡು ನೆರೆಯವರು. ಒಂದು ಪದರ ಪಕ್ಕಕ್ಕೆ ಜಾರಿದರೆ ಹಳೆಯ ನೆರೆಯವರು ಹೋಗಿ ಹೊಸಬರು ಬರುತ್ತಾರೆ, ಹಿಡಿತ ಹಾಗೇ ಇರುತ್ತದೆ. ಅದಕ್ಕೇ ತಾಮ್ರ ತಗಡಾಗುತ್ತದೆ, ತಂತಿಯಾಗುತ್ತದೆ. ಕಲ್ಲುಪ್ಪಿನ ಹರಳನ್ನು ಅಡಿಗಲ್ಲಿನ ಮೇಲಿಟ್ಟು ಬಡಿದು ನೋಡಿ: ಪುಡಿಯಾಗುತ್ತದೆ. ಅಲ್ಲಿ ಧನ ಮತ್ತು ಋಣ ಅಯಾನುಗಳು ಒಂದು ಬಿಟ್ಟು ಒಂದು ಕೂತಿವೆ. ಪದರ ಒಂದೇ ಒಂದು ಸ್ಥಾನ ಸರಿದರೆ ಧನಕ್ಕೆ ಧನ ಎದುರಾಗಿ ತಳ್ಳಾಡಿಕೊಂಡು ಒಡೆಯುತ್ತವೆ.

ಹಾಗಾದರೆ ಬಡಿದಾಗ ಬಂಧ ಬಿಗಿಯಾಗುತ್ತದೆಯೇ? ಇಲ್ಲ. ಇದನ್ನು ಅಳತೆಗಳೇ ಹೇಳುತ್ತವೆ. ಮೆದು ತಾಮ್ರ ಚದರ ಮಿ.ಮೀ.ಗೆ ಸುಮಾರು 6 ಕೆ.ಜಿ. ಎಳೆತಕ್ಕೆ ಶಾಶ್ವತವಾಗಿ ಹಿಗ್ಗಲು ಶುರುಮಾಡುತ್ತದೆ. ಚೆನ್ನಾಗಿ ಬಡಿದ ಅಥವಾ ಎಳೆದ ತಾಮ್ರಕ್ಕೆ ಅದೇ 30 ಕೆ.ಜಿ. ಬೇಕು. ಐದು ಪಟ್ಟು! ಬಂಧವೇ ಬಿಗಿಯಾಗಿದ್ದರೆ ಸಾಂದ್ರತೆ ಏರಬೇಕಿತ್ತು, ಅದು ಘನ ಸೆಂ.ಮೀ.ಗೆ 8.96 ಗ್ರಾಂನ ಆಸುಪಾಸಿನಲ್ಲೇ ಇರುತ್ತದೆ. ಸ್ಪ್ರಿಂಗಿನಂತೆ ಬಾಗಿ ಹಿಂದಿರುಗುವ ಗುಣದ ಅಳತೆಯೂ ಏರಬೇಕಿತ್ತು. ಅದೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವಿದ್ಯುತ್ ಹರಿಯುವ ಗುಣವನ್ನೇ ನೋಡಿ: ಹದ ಮಾಡಿದ, ಅಂದರೆ ಕಾಯಿಸಿ ಮೆದುವಾಗಿಸಿದ, ತಾಮ್ರದ ವಾಹಕತೆಯನ್ನು 1913ರಲ್ಲಿ ಜಗತ್ತಿನ ಮಾನದಂಡವಾಗಿ 100 ಎಂದು ಹಿಡಿದರು. ಗಡಸಾಗಿ ಎಳೆದ ತಂತಿಯದು ಅದರ 97ರಷ್ಟು. ಬಲ ಐದು ಪಟ್ಟಾದರೂ ಎಲೆಕ್ಟ್ರಾನುಗಳ ಓಡಾಟಕ್ಕೆ ಆದ ಅಡ್ಡಿ ಶೇಕಡ 3 ಮಾತ್ರ. ಎಲೆಕ್ಟ್ರಾನ್ ಕಡಲಿಗೆ ಏನೂ ಆಗಿಲ್ಲ, ಬದಲಾದದ್ದು ಪದರಗಳು ಜಾರುವ ದಾರಿ.

ಆ ದಾರಿಯ ಕಥೆ ಸ್ವಾರಸ್ಯವಾದದ್ದು. ಒಂದು ಇಡೀ ಪದರ ಒಮ್ಮೆಲೇ ಇನ್ನೊಂದರ ಮೇಲೆ ಜಾರಬೇಕಾದರೆ ಎಷ್ಟು ಬಲ ಬೇಕು ಎಂದು 1926ರಲ್ಲಿ ಭೌತವಿಜ್ಞಾನಿ ಫ್ರೆಂಕೆಲ್ ಲೆಕ್ಕ ಹಾಕಿದರು. ಲೋಹವೂ ಪರಮಾಣುಗಳು ಸಾಲಾಗಿ ಜೋಡಿಸಿಕೊಂಡ ಹರಳುಗಳಿಂದಲೇ ಆದದ್ದು. ಶುದ್ಧ ಲೋಹದ ಹರಳುಗಳು ಆ ಲೆಕ್ಕಕ್ಕಿಂತ ಸಾವಿರಾರು ಪಟ್ಟು ಕಡಿಮೆ ಬಲಕ್ಕೇ ಜಾರುತ್ತಿದ್ದವು. ಈ ಒಗಟು ಬಿಡಿಸಿದವರು 1934ರಲ್ಲಿ ವಿಜ್ಞಾನಿಗಳಾದ ಟೇಲರ್, ಒರೊವಾನ್ ಮತ್ತು ಪೊಲಾನಿ, ಮೂವರೂ ಬೇರೆ ಬೇರೆಯಾಗಿ. ಪದರ ಒಮ್ಮೆಲೇ ಜಾರುವುದಿಲ್ಲ. ಹರಳಿನೊಳಗೆ ಪರಮಾಣುಗಳ ಸಾಲು ತಪ್ಪಿದ ಗೆರೆಗಳಿರುತ್ತವೆ, ಅವುಗಳಿಗೆ ಡಿಸ್‌ಲೊಕೇಶನ್ ಎಂದು ಹೆಸರು. ಮದುವೆ ಮಂಟಪದ ದೊಡ್ಡ ಜಮಖಾನವನ್ನು ಒಬ್ಬರೇ ಎಳೆದರೆ ಅಲುಗುವುದಿಲ್ಲ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಕಾಲಿನಿಂದ ತಳ್ಳುತ್ತಾ ಹೋದರೆ ಇಡೀ ಜಮಖಾನ ನಾಲ್ಕು ಬೆರಳು ಸರಿದಿರುತ್ತದೆ. ಡಿಸ್‌ಲೊಕೇಶನ್ ಆ ಸುಕ್ಕು.

ಸುತ್ತಿಗೆಯ ಪ್ರತಿ ಏಟೂ ಹಳೆಯ ಸುಕ್ಕುಗಳನ್ನು ಓಡಿಸುವುದರ ಜೊತೆಗೆ ಹೊಸ ಸುಕ್ಕುಗಳನ್ನು ಹುಟ್ಟಿಸುತ್ತದೆ. ಹದ ಮಾಡಿದ ತಾಮ್ರದ ಒಂದು ಚದರ ಸೆಂ.ಮೀ. ಅಡ್ಡಕೊಯ್ತದಲ್ಲಿ ಇವು ಹತ್ತು ಲಕ್ಷದ ಲೆಕ್ಕದಲ್ಲಿದ್ದರೆ, ಜೋರಾಗಿ ಬಡಿದ ತಾಮ್ರದಲ್ಲಿ ಹತ್ತು ಸಾವಿರ ಕೋಟಿಯನ್ನೂ ಮೀರುತ್ತವೆ. ಬೇರೆ ಬೇರೆ ದಿಕ್ಕಿನಿಂದ ಬಂದವು ಒಂದಕ್ಕೊಂದು ಸಿಕ್ಕಿಕೊಂಡು ನೂಲಿನ ಗೋಜಲಿನಂತಾಗುತ್ತವೆ. ನೀವು ‘ಮೊಂಡು ಹಿಡಿಯುತ್ತದೆ’ ಎಂದದ್ದು ಈ ಗೋಜಲನ್ನೇ. ಅದರ ಮೇಲೂ ಬಡಿದರೆ ಜಾರಲು ದಾರಿಯಿಲ್ಲದ ಲೋಹ ಸೀಳಿಕೊಂಡು ದಾರಿ ಮಾಡಿಕೊಳ್ಳುತ್ತದೆ.

ಕಾಯಿಸಿದಾಗ ಪರಮಾಣುಗಳ ಕಂಪನ ಹೆಚ್ಚಿ ಗೋಜಲು ಬಿಚ್ಚಿಕೊಳ್ಳುತ್ತದೆ. ಜಜ್ಜಿದ ಹಳೆಯ ಹರಳುಗಳ ನಡುವೆ ಹೊಸ, ಶುದ್ಧ ಹರಳುಗಳು ಮೊಳೆತು ಹಳೆಯವನ್ನು ನುಂಗಿ ಬೆಳೆಯುತ್ತವೆ. ಚೆನ್ನಾಗಿ ಬಡಿದ ತಾಮ್ರದಲ್ಲಿ ಇದು 200ರಿಂದ 250 ಡಿಗ್ರಿ ಸೆಲ್ಸಿಯಸ್‌ಗೇ ನಿಧಾನವಾಗಿ ಶುರುವಾಗುತ್ತದೆ. 550 ಡಿಗ್ರಿ ಮುಟ್ಟಿದರೆ ನಿಮಿಷದೊಳಗೆ ಮುಗಿಯುತ್ತದೆ. ಹೊಸ ಹರಳು ಒಮ್ಮೆ ಹುಟ್ಟಿದ ಮೇಲೆ ನೀರಿಗೆ ಅದ್ದಿ, ಗಾಳಿಯಲ್ಲೇ ಬಿಡಿ, ಫಲ ಒಂದೇ. ತಾಮ್ರದ ಹರಳಿನ ಜೋಡಣೆ ಕೋಣೆಯ ತಾಪದಿಂದ 1085 ಡಿಗ್ರಿಯಲ್ಲಿ ಕರಗುವವರೆಗೂ ಬದಲಾಗುವುದಿಲ್ಲ, ಹಾಗಾಗಿ ಥಟ್ಟನೆ ತಣಿಸಿ ಹಿಡಿದಿಡಲು ಅದರೊಳಗೆ ಏನೂ ಇಲ್ಲ.

ಉಕ್ಕಿನಲ್ಲಿ ಹಿಡಿದಿಡಲು ಇದೆ. ಉಕ್ಕೆಂದರೆ ಸ್ವಲ್ಪ ಇಂಗಾಲ ಬೆರೆತ ಕಬ್ಬಿಣ. ಕಬ್ಬಿಣ ತಣ್ಣಗಿರುವಾಗ ಇಂಗಾಲವನ್ನು ತನ್ನ ಹರಳಿನೊಳಗೆ ಬಿಟ್ಟುಕೊಳ್ಳುವುದು ತೀರಾ ಕಡಿಮೆ. 727 ಡಿಗ್ರಿ ದಾಟಿದ ಮೇಲೆ ಉಕ್ಕಿನಲ್ಲಿ ಹರಳಿನ ಜೋಡಣೆಯೇ ಬದಲಾಗತೊಡಗಿ ಇಂಗಾಲ ಒಳಗೆ ಸೇರಿಕೊಳ್ಳುತ್ತದೆ. ನೀರಿಗೆ ಅದ್ದಿದಾಗ ಜೋಡಣೆ ಹಿಂದಿರುಗಲು ಹೊರಟರೂ ಇಂಗಾಲಕ್ಕೆ ಹೊರಬರಲು ಸಮಯವಿಲ್ಲ. ಸಿಕ್ಕಿಬಿದ್ದ ಇಂಗಾಲ ಹರಳನ್ನು ಸೆಟೆಸಿ ನಿಲ್ಲಿಸುತ್ತದೆ, ಡಿಸ್‌ಲೊಕೇಶನ್‌ಗಳು ಅಲುಗಲಾರವು. ಅದೇ ಕುಡುಗೋಲಿನ ಗಡಸು. ಕಂಬಿ ಕಟ್ಟುವ ಮೆದು ತಂತಿಯನ್ನು ಹಾಗೆ ಅದ್ದಿದರೆ ಕುಡುಗೋಲಿನಂತೆ ಗಡಸಾಗುವುದಿಲ್ಲ, ಅದರಲ್ಲಿ ಅಷ್ಟು ಇಂಗಾಲವೇ ಇಲ್ಲ.

ನನ್ನ ಮಾತು ನಂಬಬೇಕಿಲ್ಲ, ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. ಅರ್ತಿಂಗ್‌ಗೆ ಬಳಸುವ 8 ಗೇಜಿನ (4 ಮಿ.ಮೀ.) ಬರಿಯ ತಾಮ್ರದ ತಂತಿ ಅರ್ಧ ಮೀಟರ್ ತನ್ನಿ. ಇಡೀ ತಂತಿಯನ್ನು ಮಂದ ಕೆಂಪಿಗೆ ಕಾಯಿಸಿ, ಎರಡು ತುಂಡು ಮಾಡಿ. ಒಂದನ್ನು ಮತ್ತೆ ಕಾಯಿಸಿ ನೀರಿಗೆ ಅದ್ದಿ, ಇನ್ನೊಂದನ್ನೂ ಅಷ್ಟೇ ಕಾಯಿಸಿ ಇಟ್ಟಿಗೆಯ ಮೇಲೆ ತಾನಾಗಿ ಆರಲು ಬಿಡಿ. ಎರಡನ್ನೂ ಕೈಯಲ್ಲೇ ಬಗ್ಗಿಸಿ. ಬಗ್ಗುವುದರಲ್ಲಿ ವ್ಯತ್ಯಾಸ ಸಿಗುವುದಿಲ್ಲ. ಈಗ ಒಂದನ್ನು ನೇರ ಮಾಡಲು ನೋಡಿ. ಬಗ್ಗಿಸಿದ ಜಾಗ ನೇರವಾಗುವುದಿಲ್ಲ, ಅದರ ಎರಡೂ ಪಕ್ಕದಲ್ಲಿ ಹೊಸ ಬಾಗು ಬಂದು ತಂತಿ ಹಾವಿನಂತೆ ಡೊಂಕಾಗುತ್ತದೆ. ಒಂದೇ ಒಂದು ಸಲ ಬಗ್ಗಿಸಿದ್ದಕ್ಕೆ ಆ ಒಂದು ಬೆರಳಗಲ ಜಾಗ ಅಕ್ಕಪಕ್ಕಕ್ಕಿಂತ ಗಡಸಾಗಿದೆ. ಆ ಡೊಂಕಿನ ನಡುವನ್ನು ಮುಟ್ಟಿದರೆ ನಿಮ್ಮ ಬಟ್ಟಲಿನ ಅಂಚು ಅರ್ಥವಾಗುತ್ತದೆ.

ಅಂಚೇ ಏಕೆ ಮೊದಲು ಸೀಳುತ್ತದೆ? ನಿಮ್ಮ ಬಿಲ್ಲೆಯ ಸುತ್ತಳತೆ 69 ಸೆಂ.ಮೀ., 16 ಸೆಂ.ಮೀ. ಬಾಯಿಯ ಸುತ್ತಳತೆ 50 ಸೆಂ.ಮೀ. ಹತ್ತೊಂಬತ್ತು ಸೆಂ.ಮೀ. ಎಲ್ಲಿಗೆ ಹೋಗಬೇಕು? ಅಂಚಿನ ಲೋಹ ತನ್ನೊಳಗೇ ಕುಗ್ಗಿ ದಪ್ಪವಾಗಿಯೋ, ಮೇಲಕ್ಕೆ ಹರಿದೋ ಅದನ್ನು ನುಂಗಬೇಕು. ತಳದ ಲೋಹಕ್ಕೆ ಇದರ ಕಾಲು ಭಾಗ ಕಷ್ಟವೂ ಇಲ್ಲ. ಕುಗ್ಗಲಾರದ ಗಡಸು ಅಂಚು ನಿರಿಗೆ ಕಟ್ಟುತ್ತದೆ. ಆ ನಿರಿಗೆಯನ್ನು ಬಡಿದು ಕೂರಿಸದೆ ಮಡಿಚಿ ಬೀಳಲು ಬಿಟ್ಟರೆ, ಮುಂದಿನ ಏಟುಗಳಿಗೆ ಮಡಿಕೆಯ ಗೆರೆಯೇ ಸೀಳಾಗುತ್ತದೆ. ಕತ್ತರಿ ಬಿಟ್ಟ ಸಣ್ಣ ಕಚ್ಚೂ ಇದಕ್ಕೆ ಸಾಕು. ಬಡಿಯುವ ಮೊದಲು ಅಂಚನ್ನು ಅರದಿಂದ ಉಜ್ಜಿ, ಬೆರಳ ತುದಿಗೆ ಎಲ್ಲೂ ತಡೆಯದಂತೆ ನುಣುಪು ಮಾಡಿಕೊಳ್ಳಿ.

ಇನ್ನು ಕಾಯಿಸುವ ಕ್ರಮ. ತಳದಿಂದ ಅಂಚಿನವರೆಗೆ ಒಂದು ಸುತ್ತು ಬಡಿತ ಮುಗಿದರೆ ಒಮ್ಮೆ ಹದ ಮಾಡಬೇಕು. ‘ಇನ್ನೊಂದು ಸುತ್ತು ತಾಳೀತು’ ಎಂದು ಮುಂದುವರಿಸಬೇಡಿ. ಹೊತ್ತಾಯಿತೆಂದು ತಗಡೇ ಹೇಳುತ್ತದೆ: ಮೊದಲು ‘ದಪ್’ ಎನ್ನುತ್ತಿದ್ದದ್ದು ‘ಟಣ್’ ಎನ್ನತೊಡಗುತ್ತದೆ, ಕೊಡತಿ ಪುಟಿದು ಹಿಂದಕ್ಕೆ ಬರುತ್ತದೆ, ಏಟಿನ ಗುರುತು ಚಿಕ್ಕದಾಗುತ್ತದೆ. ನಿಮ್ಮ ಗಾತ್ರದ ಬಟ್ಟಲಿಗೆ ಐದಾರು ಸಲವಾದರೂ ಕಾಯಿಸಬೇಕಾದೀತು.

ಬಿಲ್ಲೆಯ ತೂಕ ಸುಮಾರು 340 ಗ್ರಾಂ. ತೂಕ ಸಣ್ಣದೇ, ಆದರೆ ತಾಮ್ರ ಉಷ್ಣವನ್ನು ಸಾಧಾರಣ ಉಕ್ಕಿಗಿಂತ ಏಳೆಂಟು ಪಟ್ಟು ವೇಗವಾಗಿ ಹರಡುತ್ತದೆ. ಅದೂ ಆ ಮುಕ್ತ ಎಲೆಕ್ಟ್ರಾನುಗಳ ಕೆಲಸವೇ. ಹಾಗಾಗಿ ಸಣ್ಣ ಟಾರ್ಚಿನಿಂದ ಒಂದು ಮೂಲೆ ಕಾಯಿಸುತ್ತಾ ಕೂತರೆ ಉರಿ ಸುರಿದದ್ದೆಲ್ಲ ಆಚೆ ಹರಿದುಹೋಗುತ್ತದೆ. ಎಲ್‌ಪಿಜಿಯ ದೊಡ್ಡ, ಅಗಲ ಉರಿ ಬೇಕು. ಬಟ್ಟಲನ್ನು ಬೆಂಕಿ ಇಟ್ಟಿಗೆಗಳ ಮೇಲಿಟ್ಟು, ಹಿಂದೆಯೂ ಪಕ್ಕದಲ್ಲೂ ಇಟ್ಟಿಗೆ ನಿಲ್ಲಿಸಿದರೆ ಶಾಖ ಉಳಿಯುತ್ತದೆ. ಉರಿಯನ್ನು ಒಂದೆಡೆ ನಿಲ್ಲಿಸದೆ ಸುತ್ತಿಸುತ್ತಿರಿ.

ಬಣ್ಣ ನೋಡಲು ನೆರಳಿರಬೇಕು, ಇದು ಮುಖ್ಯ. ಕಾಯುತ್ತಾ ಹೋದಂತೆ ಮೊದಲು ಕಾಮನಬಿಲ್ಲಿನ ಬಣ್ಣಗಳು ಓಡುತ್ತವೆ, ಆಮೇಲೆ ಕಪ್ಪಾಗುತ್ತದೆ, ಆ ಕಪ್ಪಿನೊಳಗಿಂದ ಮಂದ ಕೆಂಪು ಏಳುತ್ತದೆ. ಕತ್ತಲಲ್ಲಿ ಕಣ್ಣಿಗೆ ಕೆಂಪು ಕಾಣತೊಡಗುವುದು ಸುಮಾರು 525 ಡಿಗ್ರಿಗೆ. ಅಲ್ಲಿಂದ ಸ್ವಲ್ಪ ಮೇಲೆ, 550ರಿಂದ 600ರೊಳಗೆ, ಇಡೀ ಬಟ್ಟಲು ಒಂದೇ ಸಮ ಆ ಬಣ್ಣಕ್ಕೆ ಬಂದರೆ ಮುಗಿಯಿತು, ಹಿಡಿದಿಡುವ ಅಗತ್ಯವಿಲ್ಲ. ಬಿಸಿಲಲ್ಲಿ ಕೂತು ಕಾಯಿಸುವವರಿಗೆ ಮಂದ ಕೆಂಪು ಕಾಣುವುದೇ ಇಲ್ಲ. ಅವರಿಗೆ ಕಂಡಾಗ ತಾಮ್ರ 700 ದಾಟಿರುತ್ತದೆ.

ಹಾಗೆ ದಾಟಿದರೆ ಏನಾಗುತ್ತದೆ ಎಂಬಲ್ಲಿ ‘ಸತ್ವ ಹೋಗುತ್ತದೆ’ ಎಂಬ ಮಾತಿನ ಮೂಲವಿದೆ. ಹೊಸ ಹರಳುಗಳು ಹುಟ್ಟಿ ನಿಲ್ಲುವುದಿಲ್ಲ, ಒಂದನ್ನೊಂದು ನುಂಗುತ್ತಾ ದಪ್ಪವಾಗುತ್ತವೆ. ಅಂಥ ತಗಡನ್ನು ಬಡಿದರೆ ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ, ಎಷ್ಟು ಪಾಲಿಶ್ ಮಾಡಿದರೂ ಹೋಗದು. ಸೀಳುವ ಸಾಧ್ಯತೆಯೂ ಹೆಚ್ಚು. ಅಂದರೆ ಕೆಡಿಸುವುದು ಕಾಯಿಸಿದ ಸಲಗಳ ಲೆಕ್ಕವಲ್ಲ, ಕಾಯಿಸಿದ ತಾಪ. ಹದವಾಗಿ ಇಪ್ಪತ್ತು ಸಲ ಕಾಯಿಸಿದರೂ ನಷ್ಟವಾಗುವುದು ಮೇಲಿನ ಕಪ್ಪು ಹೊಪ್ಪಳೆಯಾಗಿ ಉದುರುವ ತೆಳು ಪದರ ಮಾತ್ರ.

ಇನ್ನೊಂದು ಕೇಡು ನಿಜವಾಗಿಯೂ ಇದೆ, ಅದನ್ನು ಹೇಳದೆ ಬಿಡಬಾರದು. ವಿದ್ಯುತ್ ಕೆಲಸಕ್ಕೆ ಬರುವ ಸಾಧಾರಣ ತಾಮ್ರದಲ್ಲಿ ಶೇಕಡ 0.02ರಿಂದ 0.04ರಷ್ಟು ಆಮ್ಲಜನಕ ಸಣ್ಣ ಆಕ್ಸೈಡ್ ಕಣಗಳಾಗಿ ಕೂತಿರುತ್ತದೆ. ಗಾಳಿ ಸಾಲದ, ಹಳದಿ ಹೊಗೆಯುರಿಯಲ್ಲಿ ಹೊತ್ತುಗಟ್ಟಲೆ ಕಾಯಿಸಿದರೆ ಉರಿಯಲ್ಲಿರುವ ಜಲಜನಕ ಲೋಹದೊಳಗೆ ಇಳಿದು ಆ ಕಣಗಳ ಜೊತೆ ಸೇರಿ ನೀರಾವಿಯಾಗುತ್ತದೆ. ಆವಿಗೆ ಹೊರಬರಲು ದಾರಿಯಿಲ್ಲದೆ ಹರಳುಗಳ ಗಡಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಬೆಂಕಿಯಿಂದಾಗಲೀ ಸುತ್ತಿಗೆಯಿಂದಾಗಲೀ ಅದನ್ನು ಸರಿಮಾಡಲಾಗದು. ನೀಲಿ ಉರಿ ಇಟ್ಟುಕೊಳ್ಳಿ, ಕೆಲಸ ಬೇಗ ಮುಗಿಸಿ. ಗ್ಯಾಸ್ ಬೆಸುಗೆ ಬೇಕಾಗುವ ಪಾತ್ರೆಯಾದರೆ ರಂಜಕ ಸೇರಿಸಿ ಆಮ್ಲಜನಕ ತೆಗೆದ ತಗಡನ್ನೇ ಅಂಗಡಿಯಲ್ಲಿ ಕೇಳಿ. ಫ್ರಿಜ್ಜು, ಎ.ಸಿ.ಯ ತಾಮ್ರದ ಕೊಳವೆಗಳು ಸಾಮಾನ್ಯವಾಗಿ ಇದರವೇ.

ಕಾದ ಮೇಲೆ ನೀರಿಗೆ ಅದ್ದುವುದರಿಂದ ಎರಡು ಲಾಭ: ಕಾಯುವ ಸಮಯ ಉಳಿಯುತ್ತದೆ, ಕಪ್ಪು ಹೊಪ್ಪಳೆ ಚಟಚಟನೆ ಸಿಡಿದು ಉದುರುತ್ತದೆ. ಉದುರದ ಹೊಪ್ಪಳೆಯನ್ನು ಬಿಟ್ಟು ಬಡಿದರೆ ಅದು ಮೈಯೊಳಗೆ ಕೂತು ಚುಕ್ಕೆಯಾಗುತ್ತದೆ. ಒಂದು ಲೀಟರ್ ಬೆಚ್ಚನೆ ನೀರಿಗೆ 100 ಗ್ರಾಂ ನಿಂಬೆ ಉಪ್ಪು ಹಾಕಿ ಒಂದರ್ಧ ಗಂಟೆ ಇಟ್ಟು ತಿಕ್ಕಿದರೆ ಸಾಕಾಗುತ್ತದೆ. ಹುಣಸೆಹುಳಿಯೂ ಆದೀತು, ನಿಧಾನ. ಶೇಕಡ 10ರ ಗಂಧಕಾಮ್ಲ ಬೇಗ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಕನ್ನಡಕ, ಕೈಗವಸು ಬೇಕು. ನೀರಿಗೆ ಆಮ್ಲ ಸುರಿಯಬೇಕೇ ಹೊರತು ಆಮ್ಲಕ್ಕೆ ನೀರಲ್ಲ. ಬಿಸಿ ಬಟ್ಟಲನ್ನು ನೇರ ಆಮ್ಲಕ್ಕೆ ಇಳಿಸಲೇಬೇಡಿ, ಹಾರುವ ಹನಿ ಕಣ್ಣು ತೆಗೆದೀತು.

ಕೊನೆಯ ಸುತ್ತಿನ ನಂತರ ಕಾಯಿಸಬಾರದು. ನುಣುಪಿಗೆಂದು ಸಣ್ಣ ಏಟುಗಳಲ್ಲಿ ಬಡಿಯುವ ಆ ಸುತ್ತಿನಲ್ಲಿ ಹುಟ್ಟುವ ಗೋಜಲೇ ಬಟ್ಟಲಿಗೆ ಗಟ್ಟಿತನ ಕೊಡುವುದು. ಕಾಯಿಸಿದರೆ ಹಿಡಿದಲ್ಲೆಲ್ಲ ತಗ್ಗು ಬೀಳುತ್ತದೆ. ಬೆಳ್ಳಿ ಬೆಸುಗೆಗೆ 620ರಿಂದ 720 ಡಿಗ್ರಿ ಬೇಕು, ಹಾಗಾಗಿ ಹಿಡಿ, ಪೀಠ ಕೂರಿಸುವುದಿದ್ದರೆ ಕೊನೆಯ ಬಡಿತಕ್ಕಿಂತ ಮೊದಲೇ ಕೂರಿಸಿ. ಕಲಾಯಿಯ ಶಾಖ ಅಷ್ಟಿಲ್ಲ, ತವರ 232ಕ್ಕೇ ಕರಗುತ್ತದೆ, ಕೈ ಚುರುಕಿದ್ದರೆ ಗಡಸು ಬಹುಪಾಲು ಉಳಿಯುತ್ತದೆ. ಹುಳಿ ಪದಾರ್ಥ ಹಾಕುವ ಬಟ್ಟಲಿಗೆ ಕಲಾಯಿ ಬೇಕೇಬೇಕು, ಅದೂ ಸೀಸ ಬೆರೆಯದ ಶುದ್ಧ ತವರದ್ದು.

ಇಷ್ಟೆಲ್ಲ ಕಾಯಿಸುವ ಸೌಕರ್ಯ ಇಲ್ಲದಿದ್ದರೆ ಆಳ ಕಡಿಮೆ ಮಾಡಿ. 22 ಸೆಂ.ಮೀ. ಬಿಲ್ಲೆಯಿಂದ 20 ಸೆಂ.ಮೀ. ಬಾಯಿಯ ತಟ್ಟೆಯಂಥ ಬಟ್ಟಲು ಒಂದೆರಡು ಹದಕ್ಕೇ ಬರುತ್ತದೆ. ಅಂಗಡಿಯಲ್ಲಿ ಮೆದು ಹದದ ತಗಡೆಂದು ಕೇಳಿ ತರುವುದೂ ಒಂದು ಸಹಾಯ, ಆದರೆ ಅದು ಮೊದಲ ಸುತ್ತನ್ನು ಮಾತ್ರ ಉಳಿಸುತ್ತದೆ. ಈಗಾಗಲೇ ಸೀಳಿದ ಬಟ್ಟಲುಗಳಲ್ಲಿ ಸೀಳು 5 ಮಿ.ಮೀ. ಒಳಗಿದ್ದರೆ ಅಂಚನ್ನೇ ಅಷ್ಟು ಕತ್ತರಿಸಿ ತೆಗೆಯಿರಿ. ಉದ್ದವಿದ್ದರೆ ಸೀಳಿನ ತುದಿಗೆ 2 ಮಿ.ಮೀ. ತೂತು ಕೊರೆದು ಓಟ ನಿಲ್ಲಿಸಿ, ಹದ ಮಾಡಿ, ಬೆಳ್ಳಿ ಬೆಸುಗೆ ಹಾಕಿ. ವಿಷಲೋಹವಾದ ಕ್ಯಾಡ್ಮಿಯಂ ಇಲ್ಲದ ಬೆಸುಗೆ ಸರಳನ್ನೇ ತನ್ನಿ, ಊಟದ ಪಾತ್ರೆಗೆ ಬೇರೆಯದು ಬೇಡ.

ಹಿತ್ತಾಳೆಗೆ ಇದೇ ಕ್ರಮ ನಡೆಯುತ್ತದೆ, ಆದರೆ ಯಾವ ಹಿತ್ತಾಳೆ ಎಂದು ತಿಳಿದಿರಬೇಕು. ಸತು ಶೇಕಡ 35ರೊಳಗಿದ್ದರೆ ಹರಳಿನ ಜೋಡಣೆ ತಾಮ್ರದ್ದೇ, ತಣ್ಣಗೆ ಚೆನ್ನಾಗಿ ಬಡಿಸಿಕೊಳ್ಳುತ್ತದೆ. ಸತು 40ರಷ್ಟಿದ್ದರೆ ಇನ್ನೊಂದು ಬಗೆಯ ಹರಳೂ ಸೇರಿಕೊಂಡು ತಣ್ಣಗೆ ಬೇಗ ಸೀಳುತ್ತದೆ, ಕೆಂಪಗೆ ಕಾದಾಗ ಬಡಿದರೆ ಬಗ್ಗುತ್ತದೆ. ನಲ್ಲಿ, ಸ್ಕ್ರೂಗಳ ಹಿತ್ತಾಳೆಯಲ್ಲಿ ಸೀಸವಿರುತ್ತದೆ. ಅದೂ ತಣ್ಣಗೆ ಬಡಿದರೆ ಬೇಗ ಸೀಳುತ್ತದೆ. ಹಿತ್ತಾಳೆಯನ್ನು ಕೆಂಪಗಿರುವಾಗಲೇ ನೀರಿಗೆ ಹಾಕಬೇಡಿ, ಕೆಂಪು ಆರಿ ಕಪ್ಪಾಗಲಿ. ಅತಿಯಾಗಿ ಕಾಯಿಸಿದರೆ ಸತು ಬಿಳಿ ಹೊಗೆಯಾಗಿ ಏಳುತ್ತದೆ, ಅದನ್ನು ಉಸಿರಾಡಿದವರಿಗೆ ಆ ರಾತ್ರಿ ಚಳಿಜ್ವರ ಬರುವುದುಂಟು. ಬಾಗಿಲು ತೆರೆದಿಟ್ಟೇ ಕೆಲಸ ಮಾಡಿ. ತವರ ಶೇಕಡ 22ರಷ್ಟಿರುವ ಬಡಿಯುವ ಕಂಚು ಮಾತ್ರ ಇವೆಲ್ಲಕ್ಕೂ ಬೇರೆ: ಅದನ್ನು ಕೆಂಪಗಿರುವಾಗಲೇ ಬಡಿಯಬೇಕು, ಕೆಂಪಗಿರುವಾಗಲೇ ನೀರಿಗೂ ಹಾಕಬೇಕು. ನಿಧಾನವಾಗಿ ಆರಿದರೆ ಗಾಜಿನಂತೆ ಒಡೆಯುವ ಹರಳು ಕಟ್ಟುತ್ತದೆ. ಕೇರಳದ ಬಡಿದ ಕಂಚಿನ ಬಟ್ಟಲುಗಳು ಈ ಕ್ರಮದಲ್ಲೇ ಆಗುತ್ತವೆ.

ಇನ್ನು ನಿಮ್ಮ ಚೊಂಬು. ಅಟ್ಟದ ಕೆಳಗೆ ದನದ ಕೊಟ್ಟಿಗೆ ಇದೆಯೇ, ಅಟ್ಟದಲ್ಲಿ ಇಲಿ, ಬಾವಲಿ ಇವೆಯೇ ಎಂದು ನೀವು ಬರೆದಿಲ್ಲ. ಕೇಳಲು ಕಾರಣವಿದೆ. ಬ್ರಿಟಿಷ್ ಸೇನೆ ಭಾರತದಲ್ಲಿ ಕುದುರೆ ಲಾಯಗಳ ಬಳಿ ದಾಸ್ತಾನು ಮಾಡಿದ ಹಿತ್ತಾಳೆಯ ತೋಟಾ ಕೋಶಗಳು ಮಳೆಗಾಲದಲ್ಲಿ ತಾವಾಗಿ ಸೀಳುತ್ತಿದ್ದವು. ಕುದುರೆ ಗಂಜಲದ ಅಮೋನಿಯ, ತೇವ, ಮತ್ತು ಅಚ್ಚಿನಲ್ಲಿ ಎಳೆದಾಗ ಲೋಹದೊಳಗೆ ಉಳಿದ ಬಿಗಿತ, ಈ ಮೂರು ಸೇರಿದ್ದೇ ಕಾರಣ. ಬಡಿದು ಹದ ಮಾಡದೆ ಬಿಟ್ಟ ಚೊಂಬಿನ ಕುತ್ತಿಗೆಯಲ್ಲೂ ಅಂಥದೇ ಬಿಗಿತ ದಶಕಗಟ್ಟಲೆ ಕಾದು ಕೂತಿರುತ್ತದೆ. ಸೀಳು ಕುತ್ತಿಗೆಯ ಬಳಿ ಉದ್ದುದ್ದ ಓಡಿ, ಅಲ್ಲಲ್ಲಿ ಕವಲೊಡೆದಿದ್ದು, ಸೀಳಿನ ಪಕ್ಕದಲ್ಲಿ ಲೋಹ ತೆಳುವಾಗಿರದಿದ್ದರೆ ಬಹುತೇಕ ಇದೇ. ಹೊಸ ಹಿತ್ತಾಳೆ ಪಾತ್ರೆ ಮಾಡುವಾಗ 250ರಿಂದ 300 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಗಡಸು ಬಹುಮಟ್ಟಿಗೆ ಉಳಿದು ಬಿಗಿತ ಮಾತ್ರ ಇಳಿಯುತ್ತದೆ.

ಚೊಂಬನ್ನು ಹಾಗೇ ನೆನಪಿಗೆ ಇಟ್ಟುಕೊಳ್ಳುವುದು ಒಂದು ದಾರಿ, ಅದರಲ್ಲಿ ಅಪಾಯವಿಲ್ಲ. ಬೆಸೆಯಲೇಬೇಕೆಂದರೆ ನೇರ ಉರಿ ಹಿಡಿಯಬೇಡಿ. ಒಳಗೆ ಬಿಗಿತವಿರುವ ಹಿತ್ತಾಳೆಯನ್ನು ಥಟ್ಟನೆ ಕಾಯಿಸಿದರೆ ಸೀಳು ಕಣ್ಣೆದುರೇ ಉದ್ದವಾಗುತ್ತದೆ. ಮೊದಲು ನಿಧಾನವಾಗಿ 300ಕ್ಕೆ ಏರಿಸಿ ಒಂದು ಗಂಟೆ ಇಟ್ಟು, ಸೀಳಿನ ತುದಿಗಳಿಗೆ ತೂತು ಕೊರೆದು, ಆಮೇಲೆ ಬೆಳ್ಳಿ ಬೆಸುಗೆ ಹಾಕಿ. ಆರಿದ ನಂತರ ನೀರು ತುಂಬಿಸಿ ಒಂದು ರಾತ್ರಿ ಒಣ ಕಾಗದದ ಮೇಲಿಡಿ. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ ಸೀಳು ಕಣ್ಣಿಗೆ ಕಂಡದ್ದಕ್ಕಿಂತ ಮುಂದೆ ಹೋಗಿದೆ, ತೂತನ್ನು ಇನ್ನಷ್ಟು ಆಚೆ ಕೊರೆಯಬೇಕು.